ಆಗದೆ ಹೋದ ಹುಣ್ಣಿನ ಲೆಕ್ಕ

ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಬ್ರದರ್ ಅಂತ ಕರೆಯುತ್ತಾರೆ. ನಾನು ನರ್ಸ್ ಅಲ್ಲ, ನರ್ಸಿಂಗ್ ಅಸಿಸ್ಟೆಂಟ್. ಕೆಲವು ಕಡೆ ಇದಕ್ಕೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತಾರೆ. ಅಮೆರಿಕದಲ್ಲಿ ಪೇಷೆಂಟ್ ಕೇರ್ ಟೆಕ್ನಿಶಿಯನ್ ಅಂತಾರೆ, ಅಲ್ಲಿ ರಕ್ತ ತೆಗೆಯುವುದು, ಇಸಿಜಿ ತೆಗೆಯುವುದೂ ಇವರ ಕೆಲಸವೇ. ನಮ್ಮ ಕಾಸರಗೋಡಿನಲ್ಲಿ ಅಷ್ಟೆಲ್ಲ ವಿವರ ಯಾರಿಗೂ ಬೇಡ. ಯೂನಿಫಾರ್ಮ್ ಹಾಕಿದ ಹೆಂಗಸರೆಲ್ಲ ಸಿಸ್ಟರ್, ಗಂಡಸರೆಲ್ಲ ಬ್ರದರ್. ನಾನೂ ತಿದ್ದಲು ಹೋಗುವುದಿಲ್ಲ. ನಡುರಾತ್ರಿ ಮೂತ್ರಕ್ಕೆ ಅವಸರವಾದ ಅಜ್ಜನ ಎದುರು ನಿಂತು ನನ್ನ ಹುದ್ದೆ ಏನು ಅಂತ ವಿವರಿಸಿದರೆ ಎಂತ ಪ್ರಯೋಜನ?

ಕೆಲಸ ಏನು ಅಂತ ಕೇಳಿದರೆ, ಮೈ ಒರೆಸುವುದು, ಬೆಡ್‌ಶೀಟ್ ಬದಲಿಸುವುದು, ಬೆಡ್‌ಪ್ಯಾನ್ ಇಡುವುದು ತೆಗೆಯುವುದು, ಊಟ ಮಾಡಿಸುವುದು, ಬಿಪಿ ಶುಗರ್ ನೋಡಿ ಬರೆಯುವುದು, ಸ್ಕ್ಯಾನಿಂಗ್‌ಗೆ ಸ್ಟ್ರೆಚರ್ ತಳ್ಳುವುದು, ಮಲಗಿದವರ ಮಗ್ಗುಲು ಬದಲಿಸುವುದು. ಡಾಕ್ಟರು ರೌಂಡ್ಸಿಗೆ ಬಂದು ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ. ನರ್ಸ್‌ಗಳಿಗೆ ಇಂಜೆಕ್ಷನ್, ಡ್ರಿಪ್, ಬರೆಯುವ ಕೆಲಸ ಇವುಗಳಲ್ಲೇ ಶಿಫ್ಟ್ ಮುಗಿಯುತ್ತದೆ. ರೋಗಿಯ ಮೈ ಮುಟ್ಟಿಕೊಂಡು ಜಾಸ್ತಿ ಹೊತ್ತು ಇರುವವರು ನಾವು.

ಮದುವೆ ಮನೆಯಲ್ಲಿ ಸಿಕ್ಕಿದ ನೆಂಟರು ಕೇಳುವ ಪ್ರಶ್ನೆ ಒಂದೇ. ಅಸಹ್ಯ ಆಗುವುದಿಲ್ವಾ ಮಾರಾಯಾ? ಇಲ್ಲ. ಮೂಗಿಗೆ ಬೇಗ ಅಭ್ಯಾಸವಾಗುತ್ತದೆ. ಅಭ್ಯಾಸ ಆಗದೆ ಕಾಡುವುದು ಬೇರೆಯೇ ಒಂದು ಉಂಟು. ನಮ್ಮ ಕೆಲಸ ಸರಿಯಾಗಿ ಆದರೆ ಏನೂ ಆಗುವುದಿಲ್ಲ. ಅಷ್ಟೇ. ಮಲಗಿದವರಿಗೆ ಹುಣ್ಣಾಗುವುದಿಲ್ಲ, ಬಾತ್‌ರೂಮಿಗೆ ಹೋದವರು ಬೀಳುವುದಿಲ್ಲ, ಮೂತ್ರದ ನಳಿಗೆಯಿಂದ ಇನ್‌ಫೆಕ್ಷನ್ ಬರುವುದಿಲ್ಲ. ಬಿದ್ದರೆ ರಿಪೋರ್ಟ್ ಬರೆಯಬೇಕು, ವಿಚಾರಣೆ ಆಗುತ್ತದೆ. ಬೀಳದಿದ್ದರೆ? ಅದಕ್ಕೆ ಯಾವ ರಿಜಿಸ್ಟರ್‌ನಲ್ಲೂ ಕಾಲಂ ಇಲ್ಲ. ಆಪರೇಷನ್ ಮಾಡಿದ ಡಾಕ್ಟರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಆಮೇಲಿನ ದಿನಗಳಲ್ಲಿ ರೋಗಿಗೆ ಏನೂ ಆಗದ ಹಾಗೆ ನೋಡಿಕೊಂಡದ್ದು ಯಾರು ಅಂತ ರೋಗಿಗೂ ಗೊತ್ತಿರುವುದಿಲ್ಲ.

ಹಾಸಿಗೆ ಹುಣ್ಣನ್ನೇ ತೆಗೆದುಕೊಳ್ಳಿ. ಬೆಡ್‌ಸೋರ್ ಅಂದರೆ ಎಲ್ಲರಿಗೂ ಗೊತ್ತು, ಅದು ಹೇಗೆ ಬರುತ್ತದೆ ಅಂತ ಮಾತ್ರ ತುಂಬ ಜನರಿಗೆ ಗೊತ್ತಿಲ್ಲ. ಬಟ್ಟೆ ಕ್ಲೀನ್ ಇದ್ದು, ಬೆನ್ನಿಗೆ ಚೆನ್ನಾಗಿ ಪೌಡರ್ ಹಾಕಿದರೆ ಸಾಕು ಅಂತ ಮನೆಯವರ ಲೆಕ್ಕ. ಆದರೆ ಅದು ಮುಖ್ಯವಾಗಿ ಭಾರದ ವಿಷಯ. ಮೇಲಿನಿಂದ ಮೂಳೆ ಒತ್ತುತ್ತದೆ, ಕೆಳಗಿನಿಂದ ಹಾಸಿಗೆ ಒತ್ತುತ್ತದೆ, ನಡುವೆ ಸಿಕ್ಕಿಬಿದ್ದ ಮಾಂಸಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ನೀವೂ ನಾನೂ ನಿದ್ದೆಯಲ್ಲೂ ಹೊರಳುತ್ತೇವೆ, ನಮಗೆ ಗೊತ್ತೇ ಆಗದ ಹಾಗೆ. ಸ್ಟ್ರೋಕ್ ಆದವರಿಗೆ, ಸೊಂಟದ ಮೂಳೆ ಮುರಿದವರಿಗೆ, ಪ್ರಜ್ಞೆ ಇಲ್ಲದವರಿಗೆ ಅದು ಆಗುವುದಿಲ್ಲ. ಎಷ್ಟೋ ಸಲ ಮೂಳೆಯ ಹತ್ತಿರದ ಮಾಂಸವೇ ಮೊದಲು ಹಾಳಾಗುತ್ತದೆ, ಚರ್ಮದ ಮೇಲೆ ಕಾಣುವುದು ಆಮೇಲೆ. ಹೊರಗೆ ಚಂದ ಕಂಡ ಹಲಸಿನ ಹಣ್ಣು ಒಳಗೆ ಕೊಳೆತಿರುತ್ತದಲ್ಲ, ಹಾಗೆ. ನಿನ್ನೆ ಏನೂ ಇರಲಿಲ್ಲ ಬ್ರದರ್, ಇವತ್ತು ನೋಡಿದರೆ ಇಷ್ಟು ದೊಡ್ಡ ಗುಂಡಿ ಅಂತ ಮನೆಯವರು ಹೇಳುವುದು ಸುಳ್ಳಲ್ಲ. ಅವರಿಗೆ ನಿನ್ನೆ ಕಂಡಿರಲಿಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನಮಗೆ ಕಲಿಸುತ್ತಾರೆ. ಎಡಕ್ಕೆ, ಬೆನ್ನಿಗೆ, ಬಲಕ್ಕೆ. ಪೂರ್ತಿ ಮಗ್ಗುಲಿಗೆ ಹೊರಳಿಸಿ ಬಿಡುವುದಲ್ಲ, ಹಾಗೆ ಮಾಡಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಬೇಕು. ಎರಡು ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ. ತಲೆಯ ಕಡೆ ಮಂಚ ಎತ್ತುವ ಮೊದಲು ಮಂಡಿಯ ಕಡೆ ಸ್ವಲ್ಪ ಎತ್ತಬೇಕು, ಇಲ್ಲದಿದ್ದರೆ ರೋಗಿ ನಿಧಾನಕ್ಕೆ ಜಾರುತ್ತಾರೆ. ಜಾರುವಾಗ ಚರ್ಮ ಬೆಡ್‌ಶೀಟಿಗೆ ಅಂಟಿ ಅಲ್ಲೇ ಇರುತ್ತದೆ, ಒಳಗಿನ ಮೂಳೆ ಮಾತ್ರ ಕೆಳಗೆ ಹೋಗುತ್ತದೆ. ಆ ಎಳೆತವೂ ಹುಣ್ಣು ಮಾಡುತ್ತದೆ.

ಮೈ ಒರೆಸುವಾಗ ನಾವು ನೋಡುವುದು ಕೊಳೆಯನ್ನಲ್ಲ. ಬೆನ್ನಿನ ಕೆಳತುದಿ, ಹಿಮ್ಮಡಿ, ಹೆಗಲ ಹಿಂದಿನ ಮೂಳೆ, ತಲೆಯ ಹಿಂಭಾಗ, ಕಿವಿ. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳಿಯಾಗಿ ಮತ್ತೆ ಕೆಂಪಾದರೆ ಪರವಾಗಿಲ್ಲ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಇದು ಪಾಠದಲ್ಲಿ ಇರುವುದು. ಅಡಿಕೆ ತೋಟದಲ್ಲಿ, ಬೋಟಿನಲ್ಲಿ ಬಿಸಿಲಿಗೆ ದುಡಿದು ಕಪ್ಪಾದ ಮೈಯಲ್ಲಿ ಕೆಂಪು ಎಲ್ಲಿ ಕಾಣುತ್ತದೆ ಹೇಳಿ? ಅಲ್ಲಿ ಕಣ್ಣು ಸಾಲುವುದಿಲ್ಲ. ಕೈ ಇಟ್ಟು ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿ ಇದೆಯಾ, ಗಟ್ಟಿ ಇದೆಯಾ, ಮುಟ್ಟಿದಾಗ ರೋಗಿ ಮುಖ ಹಿಂಡುತ್ತಾರಾ ಅಂತ. ನರ್ಸ್ ಬ್ರೇಡನ್ ಸ್ಕೇಲ್ ಅಂತ ಒಂದು ಫಾರ್ಮ್ ತುಂಬುತ್ತಾರೆ. 1987ರಲ್ಲಿ ಅಮೆರಿಕದ ನರ್ಸ್‌ಗಳು ಮಾಡಿದ್ದು, 6ರಿಂದ 23ರವರೆಗೆ ಅಂಕ, 18 ಅಥವಾ ಅದಕ್ಕಿಂತ ಕೆಳಗೆ ಬಂದರೆ ಹುಣ್ಣಾಗುವ ಅಪಾಯ ಉಂಟು ಅಂತ. ಒಳ್ಳೆಯ ಫಾರ್ಮ್. ಆದರೆ ಅಂಕ ಹಾಕಿದ ಮಾತ್ರಕ್ಕೆ ರೋಗಿ ಹೊರಳುವುದಿಲ್ಲ, ಹೊರಳಿಸಲು ಎರಡು ಜೊತೆ ಕೈ ಬೇಕು.

ಇಲ್ಲಿ ಮನೆಗಳಲ್ಲಿ ನಡೆಯುವ ಕೆಲವು ಉಪಾಯಗಳ ಬಗ್ಗೆಯೂ ಹೇಳಿಬಿಡುತ್ತೇನೆ. ನಡುವೆ ತೂತಿರುವ ರಬ್ಬರ್ ರಿಂಗ್ ಮೇಲೆ ಕೂರಿಸುವುದು ಬೇಡ, ರಿಂಗಿನ ಅಂಚು ಸುತ್ತ ಒತ್ತಿ ನಡುವಿನ ಜಾಗಕ್ಕೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡುವುದರಿಂದಲೂ ಲಾಭ ಇಲ್ಲ. ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಬೇಡಿ, ಮೊದಲೇ ಸೋತ ಮಾಂಸ ಇನ್ನೂ ಸೋಲುತ್ತದೆ. ಏರ್ ಬೆಡ್ ತಂದು ಹಾಕಿದಿರಾ, ಒಳ್ಳೆಯದು. ಆದರೆ ಏರ್ ಬೆಡ್ ತಂದ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿದ ಮನೆಗಳೇ ಜಾಸ್ತಿ. ಮೋಟಾರು ಶಬ್ದ ಮಾಡುತ್ತಿದ್ದರೆ ಏನೋ ಕೆಲಸ ಆಗುತ್ತಾ ಉಂಟು ಅಂತ ಧೈರ್ಯ.

ಮೂತ್ರದ ಚೀಲ ಇನ್ನೊಂದು. ಅದು ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ ಇರಬೇಕು, ನೆಲಕ್ಕೆ ತಾಗಬಾರದು. ಮೇಲೆ ಎತ್ತಿದರೆ ಚೀಲದಲ್ಲಿ ನಿಂತ ಮೂತ್ರ ನಳಿಗೆಯಲ್ಲಿ ವಾಪಸ್ ಹೋಗಬಹುದು, ಜೊತೆಗೆ ರೋಗಾಣುವೂ. ವಾರ್ಡಿನಲ್ಲಿ ಇದನ್ನೆಲ್ಲ ಎಷ್ಟು ಜಾಗ್ರತೆಯಿಂದ ಮಾಡಿದರೂ ಡಿಸ್ಚಾರ್ಜ್ ದಿನ ಗೇಟಿನ ಹತ್ತಿರ ನೋಡಬೇಕು ನೀವು. ಆಟೋದಲ್ಲಿ ಅಜ್ಜ ನಡುವೆ, ಮಗ ಒಂದು ಕಡೆ, ಸೊಸೆ ಇನ್ನೊಂದು ಕಡೆ, ಮೂತ್ರದ ಚೀಲ ಸೊಸೆಯ ಮಡಿಲಲ್ಲಿ! ಜಾಗ್ರತೆ ಅಂತಲೇ ಆಕೆ ಹಾಗೆ ಹಿಡಿದುಕೊಂಡಿರುವುದು. ಬದಿಯಡ್ಕದವರೆಗೆ, ಇಲ್ಲವೇ ಪೆರ್ಲದವರೆಗೆ ಆ ಚೀಲ ಹಾಗೆಯೇ ಕುಲುಕಾಡುತ್ತಾ ಹೋಗುತ್ತದೆ.

ನೀರಿನದ್ದಂತೂ ಹೇಳಿ ಮುಗಿಯದ ಕಥೆ. ಸ್ಟ್ರೋಕ್ ಆದವರಿಗೆ ನುಂಗಲು ಆಗುತ್ತದಾ ಅಂತ ಪರೀಕ್ಷೆ ಮಾಡುವವರೆಗೆ ಬಾಯಿಗೆ ಏನೂ ಹಾಕಬಾರದು. ಒಂದು ಚಮಚ ನೀರು ಸಹ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಮಂಚಕ್ಕೆ ಬೋರ್ಡ್ ನೇತುಹಾಕಿರುತ್ತೇವೆ. ಆದರೂ ರಾತ್ರಿ ತುಟಿ ಒಣಗಿದ ಗಂಡನನ್ನು ನೋಡಿಕೊಂಡು ಕೂತ ಹೆಂಗಸಿಗೆ ಬೋರ್ಡ್ ದೊಡ್ಡದೋ ಬಾಯಾರಿಕೆ ದೊಡ್ಡದೋ? ಹಾಕಬೇಡಿ ಅಂತ ಗದರಿಸಿದರೆ ನಾವು ಅತ್ತ ಹೋದ ಮೇಲೆ ಹಾಕುತ್ತಾರೆ. ಹತ್ತಿ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ತುಟಿ ಮತ್ತು ನಾಲಿಗೆ ಒರೆಸುವುದು ಹೇಗೆ ಅಂತ ತೋರಿಸಿಕೊಟ್ಟರೆ ಹಾಕುವುದಿಲ್ಲ. ಅವರ ಕೈಗೆ ಏನಾದರೂ ಕೆಲಸ ಬೇಕಷ್ಟೇ.

ನಾನು ಹೇಳಬೇಕು ಅಂತ ಹೊರಟದ್ದು ಇದನ್ನೇ. ನಮ್ಮ ಆಸ್ಪತ್ರೆಗಳು ನಡೆಯುವುದು ಬೈಸ್ಟ್ಯಾಂಡರ್‌ಗಳ ಮೇಲೆ. ರೋಗಿಯ ಜೊತೆ ಒಬ್ಬರು ಇರಲೇಬೇಕು ಅಂತ ಸೇರಿಸುವಾಗಲೇ ಹೇಳುತ್ತಾರೆ. ಮಾತ್ರೆ ತರುವುದು, ಬಿಲ್ ಕಟ್ಟುವುದು, ಕ್ಯಾಂಟೀನಿನಿಂದ ಗಂಜಿ ತರುವುದು ಅವರು, ರಾತ್ರಿ ಮಂಚದ ಪಕ್ಕ ನೆಲದಲ್ಲಿ ಚಾಪೆ ಹಾಸುವುದೂ ಅವರೇ. ಕಾಸರಗೋಡಿನಲ್ಲಿ ಇನ್ನೊಂದು ಸಂಗತಿ, ಗಟ್ಟಿಮುಟ್ಟಾದ ಗಂಡುಮಕ್ಕಳು ಎಷ್ಟೋ ಮಂದಿ ಗಲ್ಫಿನಲ್ಲಿ. ದುಬೈಯಿಂದ ದುಡ್ಡು ಬರುತ್ತದೆ, ವೀಡಿಯೋ ಕಾಲ್ ಬರುತ್ತದೆ, ಬ್ರದರ್ ಕೈಗೆ ಫೋನ್ ಕೊಡಿ ಅಂತ ನನ್ನ ಹತ್ತಿರವೂ ಮಾತಾಡುತ್ತಾರೆ ಪಾಪ. ಹೊರಳಿಸುವ ಕೆಲಸ ಮಾತ್ರ ಹೆಂಡತಿಗೋ, ಸೊಸೆಗೋ, ಅರವತ್ತು ದಾಟಿದ ಅಕ್ಕನಿಗೋ. ಮನೆಗೆ ಹೋದ ಮೇಲೆ ಎರಡು ಗಂಟೆಗೊಮ್ಮೆ ಅಂತ ನಾವು ಹೇಳುವ ಮಾತು ಬಂದು ಬೀಳುವುದು ಇವರ ಬೆನ್ನಿನ ಮೇಲೆ. ಇವರಿಗೆ ಕೈಹಿಡಿದು ಕಲಿಸುವುದು ನನ್ನ ಕೆಲಸದ ಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲ. ನನ್ನ ಲೆಕ್ಕದಲ್ಲಿ ಮುಖ್ಯ ಕೆಲಸವೇ ಅದು.

ಇಲ್ಲಿ ಭಾಷೆಯ ಕೆಲಸವೂ ಫ್ರೀಯಾಗಿ ಸೇರಿಕೊಳ್ಳುತ್ತದೆ. ಡಾಕ್ಟರು ತೆಂಕಣ ಕೇರಳದವರು, ಇಲ್ಲಿನ ಭಾಷೆಗಳಲ್ಲಿ ಮಲಯಾಳ ಮಾತ್ರ ಗೊತ್ತು. ಪಕ್ಕದ ಬೆಡ್‌ಗಳಲ್ಲಿ ತುಳು, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ. ಎದೆ ನೋವಾ, ಎದೆ ಉರಿಯಾ, ಎದೆ ಹಿಡಿದ ಹಾಗಾ ಅಂತ ಬಿಡಿಸಿ ಕೇಳಿ ಡಾಕ್ಟರಿಗೆ ಹೇಳುವವರು ಹೆಚ್ಚಾಗಿ ನಾವೇ. ಅದಕ್ಕೂ ಕಾಲಂ ಇಲ್ಲ ಬಿಡಿ.

ಕಾಯಿಲೆ ದೊಡ್ಡದಾದರೆ ನಮ್ಮವರು ಮಂಗಳೂರಿಗೆ ಓಡುತ್ತಾರೆ, ಐವತ್ತು ಕಿಲೋಮೀಟರ್ ದಾರಿ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಆ ದಾರಿಯೂ ಇಲ್ಲದೆ ಹೋಯಿತು. ಆಂಬುಲೆನ್ಸ್ ದಾಟಲಾಗದೆ ಜೀವ ಹೋದವರೂ ಇದ್ದಾರೆ. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ದೊಡ್ಡ ಆಸ್ಪತ್ರೆ ದೂರ ಇದ್ದಲ್ಲಿ ಮನೆಯೇ ವಾರ್ಡ್ ಆಗಬೇಕಾಗುತ್ತದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಕೆಲವು ಮನೆಗಳಿಗೆ ಅದು ಎಷ್ಟೋ ವರ್ಷಗಳಿಂದ ಗೊತ್ತಿತ್ತು.

ಎಣ್ಮಕಜೆ ಕಡೆಯ ಒಬ್ಬರು ಅಮ್ಮ ಮಗನನ್ನು ಜ್ವರ, ಕಫ ಅಂತ ನಮ್ಮ ವಾರ್ಡಿಗೆ ಸೇರಿಸಿದ್ದರು. ಮಗನಿಗೆ ಮೂವತ್ತು ದಾಟಿದೆ. ಹುಟ್ಟಿದಾಗಿನಿಂದ ಮಲಗಿದಲ್ಲೇ. ಇಲ್ಲಿಯವರಿಗೆ ಕಾರಣ ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಬರೆಯುತ್ತೇನೆ. ಈ ಗುಡ್ಡೆಗಳ ಸರಕಾರಿ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸುತ್ತಿದ್ದರು. ತೋಟದ ಕೆಳಗೇ ಮನೆ, ಬಾವಿ, ತೋಡು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಮೂವತ್ತು ವರ್ಷ, ದಿನಕ್ಕೆ ಹನ್ನೆರಡು ಸಲ ಹೊರಳಿಸುವ ಕೂಲಿ ಅಂತ ಐದು ಲಕ್ಷವನ್ನು ಭಾಗಿಸಿ ನೋಡಿ. ಒಂದು ಸಲಕ್ಕೆ ನಾಲ್ಕು ರೂಪಾಯಿಯೂ ಬರುವುದಿಲ್ಲ.

ಆ ಹುಡುಗನ ಮೈಯಲ್ಲಿ ಒಂದೇ ಒಂದು ಹುಣ್ಣು ಇರಲಿಲ್ಲ. ಹಳೆಯ ಕಲೆ ಸಹ ಇರಲಿಲ್ಲ. ಎಲುಬು ಚರ್ಮ ಅಷ್ಟೇ ಇರುವ ಮೈ, ಕೈಕಾಲು ಸೆಟೆದುಕೊಂಡಿವೆ, ಇಂಥವರಿಗೆ ಹುಣ್ಣಾಗದೆ ಇಡುವುದು ಎಲ್ಲ ಸೌಕರ್ಯ ಇರುವ ಐಸಿಯುವಿನಲ್ಲೂ ಕಷ್ಟ. ಹೇಗೆ ಅಮ್ಮ ಅಂತ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಹೇಗೆ ಅಂದರೆ ಎಂತ, ತಿರುಗಿಸಿ ಮಲಗಿಸುವುದು ಅಷ್ಟೇ ಅಲ್ವಾ ಅಂದರು. ಎರಡು ಗಂಟೆಯ ಲೆಕ್ಕ ಅವರಿಗೆ ಗೊತ್ತಿಲ್ಲ. ಬೀಡಿ ಸುತ್ತಲು ಕೂತರೆ ಇಷ್ಟು ಕಟ್ಟು ಆದ ಮೇಲೆ ಎದ್ದು ಒಮ್ಮೆ, ದನಕ್ಕೆ ಹುಲ್ಲು ಹಾಕಿ ಬಂದು ಒಮ್ಮೆ, ರಾತ್ರಿ ಎಚ್ಚರವಾದಾಗಲೆಲ್ಲ ಒಮ್ಮೆ. ಎಚ್ಚರ ಆಗದಿದ್ದರೆ ಅಂತ ಕೇಳಿದರೆ ನಕ್ಕುಬಿಟ್ಟರು.

ಅವನನ್ನು ಎತ್ತಲು ಹೋದಾಗ ಅವರೇ ನನ್ನನ್ನು ತಡೆದರು. ಬ್ರದರೇ, ಕೈ ಹಿಡಿದು ಎಳೆಯಬೇಡಿ, ಅವ ಹೆದರಿ ಮೈ ಬಿಗಿ ಮಾಡ್ತಾನೆ, ಮೊದಲು ಹೆಗಲ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ ಅಂದರು. ನಿಂತೆ. ಬಿಗಿದ ತೋಳು ನಿಧಾನಕ್ಕೆ ಸಡಿಲವಾಯಿತು. ನರಗಳಿಗೆ ಪೆಟ್ಟಾದವರ ಸ್ನಾಯುವನ್ನು ಸರಕ್ಕನೆ ಎಳೆದರೆ ಸೆಟೆಯುವುದು ಜಾಸ್ತಿಯಾಗುತ್ತದೆ, ನಿಧಾನಕ್ಕೆ ಹಿಡಿದರೆ ಕಡಿಮೆಯಾಗುತ್ತದೆ ಅಂತ ಫಿಸಿಯೋಥೆರಪಿಯವರು ಹೇಳುತ್ತಾರೆ. ಇವರಿಗೆ ಯಾರು ಹೇಳಿದ್ದು? ಗಂಜಿಯ ತಿಳಿ ಕೊಟ್ಟರೆ ಕೆಮ್ಮುತ್ತಾನೆ ಅಂತ ಅನ್ನ ನುಣ್ಣಗೆ ಅರೆದು ಮಂದ ಮಾಡಿ ಕೊಡುತ್ತಿದ್ದರು. ನುಂಗಲು ಕಷ್ಟ ಇರುವವರಿಗೆ ನೀರಾಗಿರುವುದಕ್ಕಿಂತ ಮಂದವಾದ ಆಹಾರ ಎಷ್ಟೋ ಸಲ ಸುಲಭ ಅನ್ನುವುದನ್ನು ನಾವು ಕ್ಲಾಸಿನಲ್ಲಿ ಕಲಿತದ್ದು. ರೌಂಡ್ಸಿಗೆ ಬಂದ ಡಾಕ್ಟರು ಅಮ್ಮನ ಹತ್ತಿರ ಕೇಳಿದ್ದು ಮಾತ್ರ, ಓದಿದ್ದು ಎಷ್ಟು ಅಂತ. ನಾಲ್ಕನೇ ಕ್ಲಾಸು ಅಂದರು. ಡಾಕ್ಟರು ನರ್ಸ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತು ಮುಂದುವರಿಸಿದರು.

ಆ ಅಮ್ಮನಿಗೆ ಬೇಕಾಗಿದ್ದದ್ದು ನಮ್ಮ ಪಾಠ ಅಲ್ಲ. ನನ್ನ ಸೊಂಟ ಬಿದ್ದುಹೋಗಿದೆ ಬ್ರದರೇ, ಇನ್ನು ಮೇಲೆ ಯಾರು ಎತ್ತುವುದು ಅಂತ ಕೇಳಿದರು. ಎತ್ತದೆ ಹೊರಳಿಸುವ ಉಪಾಯ ಒಂದಿದೆ, ಅದನ್ನು ತೋರಿಸಿದೆ. ಒಂದು ಗಟ್ಟಿ ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ ಹೆಗಲಿನಿಂದ ತೊಡೆಯವರೆಗೆ ರೋಗಿಯ ಕೆಳಗೆ ಅಡ್ಡ ಹಾಸಿಡುವುದು, ಅದನ್ನು ಹಿಡಿದು ಸರಿಸುವುದು ಹೊರಳಿಸುವುದು. ಚರ್ಮ ಉಜ್ಜುವುದಿಲ್ಲ, ನಮ್ಮ ಸೊಂಟಕ್ಕೂ ಭಾರ ಕಡಿಮೆ. ಇಬ್ಬರಿದ್ದರೆ ಒಳ್ಳೆಯದು. ಮಂಚ ತಗ್ಗಾಗಿದ್ದರೆ ನಾಲ್ಕು ಕಾಲಿನ ಕೆಳಗೂ ಕೆಂಪು ಕಲ್ಲು ಕೊಟ್ಟು ಸೊಂಟದ ಮಟ್ಟಕ್ಕೆ ಎತ್ತರಿಸಿ, ಬಗ್ಗುವುದು ತಪ್ಪುತ್ತದೆ ಅಂದೆ. ಮಂಚ ಎತ್ತರವಾದ ಮೇಲೆ ಬೀಳದ ಹಾಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಬೆಂಚು. ಇದನ್ನು ಕೇಳಿ ಅವರು ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲಾ ಅಂದರು. ಪಾಲಿಯೇಟಿವ್‌ನವರು, ಅಂದರೆ ವಾಸಿಯಾಗದ ಕಾಯಿಲೆಯವರ, ಮಲಗಿದಲ್ಲೇ ಇರುವವರ ಆರೈಕೆ ಮಾಡುವವರು, ಮನೆಗೆ ಬರುತ್ತಾರೆ, ಕೇರಳದಲ್ಲಿ 2008ರ ಪಾಲಿಯೇಟಿವ್ ನೀತಿಯ ನಂತರ ಪಂಚಾಯತುಗಳ ಮೂಲಕವೇ ಅದು ನಡೆಯುತ್ತದೆ, ನಿಜಕ್ಕೂ ದೊಡ್ಡ ಉಪಕಾರ. ಆದರೆ ಬಂದ ನರ್ಸ್ ನಳಿಗೆ ಬದಲಿಸಿ, ಬಿಪಿ ನೋಡಿ, ಮುಂದಿನ ಮನೆಗೆ ಹೋಗಬೇಕು. ಮಂಚದ ಎತ್ತರ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಂಬಳದ ವಿಷಯ ಬರೆದರೆ ಬ್ಲಾಗ್ ಸಾಲದು. ಈ ಕೆಲಸಕ್ಕೆ ಅಂಥ ಬುದ್ಧಿ ಬೇಡ, ಯಾರೂ ಕಲಿಯಬಹುದು ಅನ್ನುವುದು ಸಂಬಳ ಕೊಡುವವರ ನಂಬಿಕೆ. ಯಾರೂ ಕಲಿಯಬಹುದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಹಾಗಿದ್ದರೆ ಎಲ್ಲರಿಗೂ ಕಲಿಸಿ ಅಲ್ವಾ? ಡಿಸ್ಚಾರ್ಜ್ ಶೀಟಿನಲ್ಲಿ ಮಾತ್ರೆಗಳ ಪಟ್ಟಿ ಇರುತ್ತದೆ, ಮುಂದಿನ ಸಲ ಬರಬೇಕಾದ ತಾರೀಕು ಇರುತ್ತದೆ. ಫಾರ್ಮಸಿಯಲ್ಲಿ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಅಂತ ಕವರಿನ ಮೇಲೆ ಬರೆದುಕೊಡುತ್ತಾರೆ. ಮನುಷ್ಯನನ್ನು ಹೇಗೆ ಎತ್ತಬೇಕು, ಹೇಗೆ ಉಣಿಸಬೇಕು ಅಂತ ಬರೆದುಕೊಡುವವರಿಲ್ಲ.

ಹಾಗಾಗಿ ನಿಮ್ಮ ಮನೆಯವರು ಯಾರಾದರೂ ಮಲಗಿದ ಸ್ಥಿತಿಯಲ್ಲಿ ಆಸ್ಪತ್ರೆಯಿಂದ ಮನೆಗೆ ಬರುವುದಿದ್ದರೆ, ಬಿಲ್ ಕಟ್ಟುವ ಗಡಿಬಿಡಿಯ ದಿನ ಬೇಡ, ಅದರ ಹಿಂದಿನ ದಿನ ವಾರ್ಡಿನ ಬ್ರದರ್ ಅಥವಾ ಸಿಸ್ಟರ್ ಹತ್ತಿರ ಹೋಗಿ ತೋರಿಸಿಕೊಡಿ ಅಂತ ಕೇಳಿ. ಬಾಯಲ್ಲಿ ಹೇಳಿದ್ದು ಸಾಲದು, ನೀವೇ ಅವರ ಎದುರು ಒಮ್ಮೆ ಮಾಡಿ ನೋಡಬೇಕು. ಮಗ್ಗುಲು ಬದಲಿಸುವುದು, ಮಂಚದಿಂದ ಕುರ್ಚಿಗೆ ಕೂರಿಸುವುದು, ಎದ್ದು ನಿಲ್ಲಿಸುವ ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಿಸುವುದು, ಮೂಗಿನ ನಳಿಗೆಯಲ್ಲಿ ಆಹಾರ ಕೊಡುವುದಾದರೆ ಕೊಡುವಾಗಲೂ, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ತಲೆಯ ಕಡೆ ಎತ್ತರಿಸಿ ಇಡುವುದು. ಒಂದು ಪಕ್ಕ ಸ್ವಾಧೀನ ಇಲ್ಲದವರಿಗೆ ಅಂಗಿ ಹಾಕುವಾಗ ಬಲ ಇಲ್ಲದ ಕೈ ಮೊದಲು, ತೆಗೆಯುವಾಗ ಅದೇ ಕೈ ಕೊನೆಗೆ. ಆ ಕೈಯನ್ನು ಹಿಡಿದು ಎಳೆದು ಎಬ್ಬಿಸಲೇಬೇಡಿ, ಹೆಗಲಿನ ಕೀಲು ಜಾರುತ್ತದೆ. ಎಲ್ಲ ಸೇರಿ ಅರ್ಧ ಗಂಟೆ ಹಿಡಿಯುತ್ತದೆ. ನಮಗೆ ಟೈಮ್ ಇಲ್ಲ ಅಂತ ಮೊದಲು ಹೇಳುತ್ತೇವೆ, ಅದು ಬಾಯಿಗೆ ಬರುವ ಅಭ್ಯಾಸದ ಮಾತು. ಮತ್ತೆ ಕೇಳಿ. ಮಧ್ಯಾಹ್ನದ ಊಟ ಹಂಚುವ ಹೊತ್ತು, ಶಿಫ್ಟ್ ಬದಲಾಗುವ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಕೇಳಿ.